ಹಳೆ ಸೆಡಾನ್ ಜೊತೆ ಐದು ವರ್ಷ: ದುಡ್ಡೆಲ್ಲ ಹೋಗಿದ್ದು ಕೂಲೆಂಟ್ ಹಿಂದೆ

ಕೊಂಡಾಗ ಕಾರಿಗೆ 10 ವರ್ಷ, ಓಡಿದ್ದು 92,000 ಕಿಲೋಮೀಟರ್. ಈಗ 15 ವರ್ಷ, 1,51,000. ಪೆಟ್ರೋಲ್ ಎಂಜಿನ್, ಮ್ಯಾನ್ಯುವಲ್ ಗೇರ್. ಮೈಲೇಜ್, ಪವರ್ ವಿಷಯ ಇಲ್ಲಿ ಬಿಡಿ. ನಾನು ಬರೆಯಲು ಕೂತಿದ್ದು ಬಾನೆಟ್ ಕೆಳಗಿನ ಒಂದು ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ. ಕೂಲೆಂಟ್ ಡಬ್ಬಿ, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಡಬ್ಬಿ.

ಖರ್ಚಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ರಿಪೇರಿ ಬೆಲೆ ಎಲ್ಲ ಕಡೆ ಒಂದೇ ಇರುವುದಿಲ್ಲ. ಅದಕ್ಕೆ ಮಾಮೂಲಿ ಸರ್ವೀಸನ್ನೇ, ಅಂದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸುವ ಖರ್ಚನ್ನೇ, ಅಳತೆ ಮಾಡಿಕೊಂಡಿದ್ದೇನೆ. ‘ಎರಡು ಸರ್ವೀಸ್’ ಅಂದರೆ ಅದರ ಎರಡರಷ್ಟು ದುಡ್ಡು. ಕೊಂಡ ದಿನದಿಂದ ಪ್ರತಿ ಖರ್ಚನ್ನೂ ಕಾರಲ್ಲೇ ಇಟ್ಟಿರುವ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಮೊದಲ ವರ್ಷ ನಿರೀಕ್ಷೆ ಮಾಡಿದ ಖರ್ಚುಗಳೇ ಬಂದವು. ಬ್ಯಾಟರಿ, ಬ್ರೇಕ್ ಪ್ಯಾಡ್, ನಾಲ್ಕು ಟೈರ್. ಟೈರ್‌ಗಳು ನೋಡೋಕೆ ಚೆನ್ನಾಗೇ ಇದ್ದವು. ಆದರೆ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ಓದಿದಾಗ ಗೊತ್ತಾಯಿತು, ಏಳು ವರ್ಷ ಹಳೆಯ ರಬ್ಬರ್. ಆಮೇಲೆ ಹಂಪ್ ಮೇಲೆ ಮುಂದಿನಿಂದ ಟಕ್ ಟಕ್ ಸದ್ದು ಶುರುವಾಯಿತು. ಇಂಥ ಸದ್ದು ಬಂದ ಕೂಡಲೇ ಶಾಕ್ ಅಬ್ಸಾರ್ಬರ್ ಬದಲಿಸಲು ಒಪ್ಪಬೇಡಿ. ಮೊದಲು ಚಕ್ರದ ಹತ್ತಿರದ ಸಣ್ಣ ಭಾಗಗಳಾದ ಲಿಂಕ್ ರಾಡ್, ಬುಷ್ ನೋಡಿಸಿ. ನನ್ನದು ಲಿಂಕ್ ರಾಡ್ ಆಗಿತ್ತು, ಅರ್ಧ ಸರ್ವೀಸಿನಲ್ಲಿ ಮುಗಿಯಿತು.

ಎರಡನೇ ವರ್ಷ ಕೂಲೆಂಟ್ ಕಡಿಮೆಯಾಗತೊಡಗಿತು. ವಾರಕ್ಕೆ ಒಂದು ಬೆರಳು. ನೆಲದ ಮೇಲೆ ಒಂದು ಹನಿ ಇಲ್ಲ, ಎಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳು ನಡುವಿನಿಂದ ಅಲ್ಲಾಡಿಲ್ಲ. ಆದರೂ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಲೇ ಇತ್ತು. ನಾನು ಸುಮ್ನೆ ನಲ್ಲಿ ನೀರು ತುಂಬಿಸುತ್ತಾ ಹೋದೆ. ಅದು ತಪ್ಪು. ನಲ್ಲಿ ನೀರಿನ ಲವಣಗಳು ಒಳಗೆ ಪದರ ಕಟ್ಟುತ್ತವೆ, ಕೂಲೆಂಟ್‌ನಲ್ಲಿರುವ ತುಕ್ಕು ತಡೆಯುವ ಅಂಶವೂ ತೆಳುವಾಗುತ್ತದೆ.

ಮೊದಲ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಬದಲಿಸಿದರು. ಮಟ್ಟ ಇಳಿಯಿತು. ಎರಡನೆಯವರು ಮುಚ್ಚಳ ಮತ್ತು ಹೋಸ್ ಪೈಪ್ ಹಾಕಿದರು. ಮತ್ತೆ ಇಳಿಯಿತು. ಮೂರನೆಯವರು ವಾಟರ್ ಪಂಪ್ ಅಂದರು, ಅದನ್ನೂ ಹಾಕಿಸಿದೆ. ಒಂದೂ ಪರೀಕ್ಷೆ ಇಲ್ಲ, ಬರೀ ಊಹೆ. ನೋಟ್‌ಬುಕ್ಕಿನಲ್ಲಿ ಆ ಪುಟ ತೆರೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೂರು ಕಡೆ ಸೇರಿ ಐದು ಸರ್ವೀಸಿನ ದುಡ್ಡು ಹೋಗಿತ್ತು, ತೊಂದರೆ ಇದ್ದಲ್ಲೇ ಇತ್ತು. ಕಾರು ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ.

ನಾಲ್ಕನೇ ಮೆಕ್ಯಾನಿಕ್ ವಯಸ್ಸಾದವರು. ಏನನ್ನೂ ಬಿಚ್ಚಲಿಲ್ಲ. ‘ರಾತ್ರಿ ಬಿಟ್ಟು ಹೋಗಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡೋಣ’ ಅಂದರು. ಬೆಳಿಗ್ಗೆ ನನ್ನ ಮುಂದೆಯೇ ಮುಚ್ಚಳ ತೆಗೆದು, ಆ ಜಾಗಕ್ಕೆ ಒಂದು ಕೈ ಪಂಪ್ ಕೂರಿಸಿದರು, ಅದಕ್ಕೊಂದು ಮೀಟರ್. ಮುಚ್ಚಳದ ಮೇಲೆ ಬರೆದಿದ್ದಷ್ಟೇ ಒತ್ತಡ ಕೊಟ್ಟು ಕೈ ಕಟ್ಟಿ ನಿಂತರು. ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು. ಟಾರ್ಚ್ ಹಿಡಿದು ರೇಡಿಯೇಟರ್ ಪಕ್ಕಕ್ಕೆ ನನ್ನನ್ನು ಬಗ್ಗಿಸಿದರು. ಅಲ್ಯೂಮಿನಿಯಂ ಜಾಲರಿ ಮತ್ತು ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅದರಿಂದ ಸೂಜಿ ಮೊನೆಯಷ್ಟು ಹನಿ ಮೂಡಿ, ಹೊಳೆದು, ಜಾರಿತು.

ಗುಟ್ಟು ಇದೇ. ಓಡುವಾಗ ಒತ್ತಡಕ್ಕೆ ಬಿರುಕು ಬಾಯಿ ಬಿಡುತ್ತಿತ್ತು, ಬಿಸಿ ರೇಡಿಯೇಟರ್ ಮೇಲೆ ಹನಿ ಅಲ್ಲೇ ಆವಿಯಾಗುತ್ತಿತ್ತು. ನೆಲಕ್ಕೆ ಬೀಳುವುದಾದರೂ ಹೇಗೆ? ಉಳಿದಿದ್ದು ಒಣಗಿದ ತೆಳು ಬಿಳಿ ಗೆರೆ ಮಾತ್ರ. ಮೂರು ಗ್ಯಾರೇಜಿನವರು ಅದನ್ನು ಧೂಳು ಅಂದುಕೊಂಡಿರಬೇಕು. ವರ್ಷಗಟ್ಟಲೆ ಕಾದು ತಣಿದು ಪ್ಲಾಸ್ಟಿಕ್ ಗಡಸಾಗಿ ಸೀಳುವುದು ಹಳೆ ಕಾರುಗಳಲ್ಲಿ ಮಾಮೂಲು. ಹೊಸ ರೇಡಿಯೇಟರ್, ಒಳಗೆಲ್ಲ ತೊಳೆದು ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್, ಎಲ್ಲ ಸೇರಿ ಎರಡೂವರೆ ಸರ್ವೀಸ್. ಅವರು ಪರೀಕ್ಷೆಗೆ ತೆಗೆದುಕೊಂಡಿದ್ದು ಒಂದು ಸರ್ವೀಸಿನ ಹತ್ತನೇ ಒಂದು ಭಾಗವೂ ಅಲ್ಲ.

ಇದನ್ನು ಬಿಟ್ಟಿದ್ದರೆ? ಎಂಜಿನ್ ಕುದಿದು, ಅದರ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಾಗಿ, ಹೆಡ್ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಗ್ಯಾಸ್ಕೆಟ್ ಬೆಲೆ ಕಡಿಮೆ. ಆದರೆ ಅರ್ಧ ಎಂಜಿನ್ ಬಿಚ್ಚಬೇಕು, ಹೆಡ್ ಮಷಿನ್‌ನಲ್ಲಿ ಉಜ್ಜಿಸಿ ಸಮ ಮಾಡಿಸಬೇಕು. ನನಗೆ ಅಂದಾಜು ಕೊಟ್ಟಿದ್ದು ಎಂಟು ಸರ್ವೀಸ್. ಹಳೆ ಕಾರಿನ ರಿಪೇರಿಯಲ್ಲಿ ನಿಜವಾದ ಖರ್ಚು ಬಿಚ್ಚಿ ಕಟ್ಟುವ ಕೂಲಿ. ಎಸಿ ಕೂಡ ಹಾಗೇ. ಗ್ಯಾಸ್ ಪೆಟ್ರೋಲ್ ತರ ಖರ್ಚಾಗುವ ವಸ್ತುವಲ್ಲ. ಪ್ರತಿ ವರ್ಷ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್ ಸೋರುತ್ತಿದ್ದರೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕಾಗಬಹುದು. ನನ್ನದು ಅಲ್ಲೇ ಸೋರುತ್ತಿತ್ತು, ನಾಲ್ಕು ಸರ್ವೀಸ್ ಆಯಿತು. ಅದಕ್ಕೇ ಟೈಮಿಂಗ್ ಬೆಲ್ಟ್ ಇರುವ ಕಾರಿನವರಿಗೆ ಒಂದು ಮಾತು. ವಾಟರ್ ಪಂಪ್ ಆ ಬೆಲ್ಟ್ ಹಿಂದೆಯೇ ಇದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ, ಒಂದೇ ಕೂಲಿ.

ರೇಡಿಯೇಟರ್ ಹಾಕಿಸಿ ಮೂರು ವರ್ಷ ಆಯಿತು, ಬೆಳಗಿನ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಎಂಜಿನ್ ಶುರು ಮಾಡುವ ಮೊದಲು ಬಾನೆಟ್ ಎತ್ತುತ್ತೇನೆ. ಡಬ್ಬಿಯ ಹಿಂದೆ ಟಾರ್ಚ್ ಹಿಡಿದರೆ ಕೆಂಪು ಕೂಲೆಂಟ್ ದೀಪದ ಹಾಗೆ ಹೊಳೆಯುತ್ತದೆ, ಎರಡು ಗೆರೆಗಳ ನಡುವೆ ಮಟ್ಟ ಕಾಣುತ್ತದೆ. ಮೂಗಿಗೆ ಸಿಹಿ ವಾಸನೆ ಬರುತ್ತಿದೆಯಾ ನೋಡುತ್ತೇನೆ, ಬಂದರೆ ಸೋರಿಕೆ. ಆಮೇಲೆ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತೇನೆ. ಎರಡು ನಿಮಿಷದ ಕೆಲಸ. ಮೊದಲು ಭಯದಿಂದ ಮಾಡುತ್ತಿದ್ದೆ, ಈಗ ಅದು ದಿನದ ಇಷ್ಟದ ಹೊತ್ತು. ಆದರೆ ಬಿಸಿ ಎಂಜಿನ್‌ನಲ್ಲಿ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ.

ಕಾರಿನ ಮೇಲಿನ ಸಿಟ್ಟು ಯಾವಾಗ ಕರಗಿತೋ ಗೊತ್ತಿಲ್ಲ. ಹೆದ್ದಾರಿಯಲ್ಲಿ ಅದು ರಸ್ತೆಗೆ ಅಂಟಿಕೊಂಡು ಹೋಗುವ ರೀತಿಯೇ ಬೇರೆ. ಹಿಂದೆ ಕೂತ ಅಮ್ಮ ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಾರೆ. ಬೇರೆ ಯಾರ ಕಾರಿನಲ್ಲೂ ಅವರು ಹಾಗೆ ಮಲಗಿದ್ದು ನಾನು ನೋಡಿಲ್ಲ.

ಕೊಳ್ಳುವ ಯೋಚನೆ ಇದ್ದರೆ ಕಾರನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಕೂಲೆಂಟ್ ತುಕ್ಕು ಬಣ್ಣಕ್ಕಿದ್ದರೆ, ರೇಡಿಯೇಟರ್ ಅಂಚಿನಲ್ಲಿ ಬಿಳಿ ಗೆರೆ ಇದ್ದರೆ, ಆ ಕೈ ಪಂಪಿನ ಪ್ರೆಷರ್ ಟೆಸ್ಟ್ ಆಗುವವರೆಗೆ ಮುಂಗಡ ಕೊಡಬೇಡಿ. ಮೊದಲೆರಡು ವರ್ಷಕ್ಕೆ ಹತ್ತು ಸರ್ವೀಸಿನಷ್ಟು ದುಡ್ಡು ಬೇರೆ ಎತ್ತಿಡಲು ಆಗದಿದ್ದರೆ ಇಷ್ಟು ಹಳೆ ಕಾರು ಬೇಡ ಅಂತಲೇ ಹೇಳುತ್ತೇನೆ. ನನಗೆ ಅದಕ್ಕಿಂತ ಜಾಸ್ತಿಯೇ ಹಿಡಿಯಿತು. ಕಳೆದ ವರ್ಷದ ಲೆಕ್ಕ ಮಾತ್ರ ಎರಡು ಸರ್ವೀಸ್, ಒಂದು ವೈಪರ್ ಬ್ಲೇಡ್ ಜೋಡಿ. ಈಗ ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತಿದೆ. ಅದೇ ಮೆಕ್ಯಾನಿಕ್ ಹತ್ತಿರ ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿಕೊಂಡಿದ್ದೇನೆ, ರಾತ್ರಿಯೇ ಕಾರು ಬಿಟ್ಟು ಬರಬೇಕು.