ಕಟ್ಟಿನಕೆರೆ ಬಳಿಯ ಫ್ರೇಮ್ ಅಂಗಡಿ ಮತ್ತು ನಮ್ಮ ಕ್ಲಾಪ್ ಅವರ ಪಟ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಬಳಿಯ ಓಣಿಯೊಂದರಲ್ಲಿ ಪಟಗಳಿಗೆ ಫ್ರೇಮ್ ಹಾಕಿಕೊಡುವ ಸಣ್ಣ ಅಂಗಡಿಯೊಂದಿದೆ. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿಹೋಗಿವೆ. ಸುತ್ತಲಿನವರು ಅದನ್ನು ‘ಫೋಟೋ ಕಟ್ಟು ಹಾಕುವವರ ಅಂಗಡಿ’ ಎಂದಷ್ಟೇ ಹೇಳಿ ದಾರಿ ತೋರಿಸುತ್ತಾರೆ. 2024ರ ಜೂನ್ ಮೊದಲ ವಾರದಲ್ಲಿ ನಾವು ನಾಲ್ವರು ಸ್ನೇಹಿತರು ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್‌ನ ಮ್ಯಾನೇಜರ್ (ಮುಖ್ಯ ತರಬೇತುದಾರ) ಆಗಿದ್ದ ಯುರ್ಗನ್ ಕ್ಲಾಪ್ ಅವರ ಪಟವೊಂದಕ್ಕೆ ಅಲ್ಲಿ ಫ್ರೇಮ್ ಹಾಕಿಸಿದೆವು. ಎರಡು ಮಳೆಗಾಲ ಕಳೆದ ಮೇಲೆ ಈಗ ಅದರ ಬಗ್ಗೆ ಬರೆಯುತ್ತಿದ್ದೇನೆ. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಊರಿನಲ್ಲಿ ಫ್ರೇಮಿನ ಗುಣ ಗೊತ್ತಾಗುವುದು ಅಂಗಡಿಯಿಂದ ಮನೆಗೆ ತಂದ ದಿನವಲ್ಲ, ಗೋಡೆ ಬೆವರಿ ಒಣಗಿದ ಮೇಲೆ.

ಪಟ ಕ್ರೀಡಾ ಪತ್ರಿಕೆಯೊಂದರ ನಡುಪುಟದ್ದು. 2019ರಿಂದ ನಾಲ್ಕು ಮಡಿಕೆಯಾಗಿ ಸ್ನೇಹಿತನ ಪುಸ್ತಕದ ಕಪಾಟಿನಲ್ಲಿತ್ತು. ಅದರಲ್ಲಿ ಕಪ್ ಇಲ್ಲ. ಟೋಪಿ ಹಿಂದಕ್ಕೆ ಸರಿದ, ಕನ್ನಡಕ ಓರೆಯಾದ ಕ್ಲಾಪ್ ಅವರು ಬಾಯಿ ತುಂಬ ನಗುತ್ತ ಆಟಗಾರನೊಬ್ಬನನ್ನು ಎರಡೂ ತೋಳುಗಳಿಂದ ಅಪ್ಪಿಕೊಂಡಿದ್ದಾರೆ. ಆಟಗಾರನ ಮುಖ ಕಾಣುವುದಿಲ್ಲ, ಕೆಂಪು ಅಂಗಿಯ ಬೆನ್ನು ಮಾತ್ರ ಕಾಣುತ್ತದೆ. ಗೆಲುವಿನ ಟ್ರೋಫಿ ಹಿಡಿದ ಚಿತ್ರವೇ ಬೇಕು ಎಂದು ನಮ್ಮಲ್ಲಿ ಒಬ್ಬ ಕೊನೆಯವರೆಗೂ ವಾದಿಸಿದ. ಉಳಿದ ಮೂವರಿಗೆ ಈ ಅಪ್ಪುಗೆಯೇ ಬೇಕಿತ್ತು.

ಈ ಅಂಗಡಿಗೆ ಬರುವ ಮೊದಲು ಬೇರೊಂದು ಕಡೆ ನಮಗೆ ಕೈ ಸುಟ್ಟಿತ್ತು. ಅಲ್ಲಿ ಕೊಟ್ಟಿದ್ದ ತಂಡದ ದೊಡ್ಡ ಚಿತ್ರವನ್ನು ನಮ್ಮನ್ನು ಒಂದು ಮಾತೂ ಕೇಳದೆ ದಪ್ಪ ಹಲಗೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಕೊಟ್ಟರು. ಮೊದಲ ಮಳೆಗಾಲದಲ್ಲೇ ಅದು ಅಲ್ಲಲ್ಲಿ ಗುಳ್ಳೆ ಎದ್ದು, ಕೆಳಗಿನ ಅಂಚಿನಿಂದ ಕಪ್ಪು ಬೂಷ್ಟು ಏರತೊಡಗಿತು. ಅಂಟಿಸಿದ ಮೇಲೆ ಕಾಗದವನ್ನು ಬಿಡಿಸಿ ಉಳಿಸಿಕೊಳ್ಳುವುದೂ ಸಾಧ್ಯವಾಗಲಿಲ್ಲ. ಹಾಗಾಗಿ ಈ ಬಾರಿ ನಾವು ಸ್ವಲ್ಪ ಅಳುಕಿನಿಂದಲೇ ಹೋದೆವು.

ಅಂಗಡಿಯೊಳಗೆ ನಿಂತು ಸುತ್ತ ನೋಡಿದರೆ ಹಾಸನ ಜಿಲ್ಲೆಯೇ ಗೋಡೆಗೆ ಒರಗಿ ನಿಂತಂತೆ ಇರುತ್ತದೆ. ಹಾಸನಾಂಬೆಯ ಪಟಗಳು ಎಲ್ಲ ಅಳತೆಯಲ್ಲೂ ಇವೆ. ಬೇಲೂರಿನ ಶಿಲಾಬಾಲಿಕೆಯರಿದ್ದಾರೆ, ಗೊಮ್ಮಟನಿದ್ದಾನೆ, ಜಿಲ್ಲೆಯವರೇ ಆದ ಮಾಜಿ ಪ್ರಧಾನಿಯವರ ಪಕ್ಕ ನಿಂತು ಯಾರೋ ತೆಗೆಸಿಕೊಂಡ ಚಿತ್ರಗಳಿವೆ, ಗಂಧದ ಹಾರ ಕಾಯುತ್ತಿರುವ ಹಿರಿಯರ ಭಾವಚಿತ್ರಗಳಿವೆ. ಇವುಗಳ ನಡುವೆ, ನಿವೃತ್ತರಾದ ಮೇಷ್ಟ್ರುಗಳಿಗೆ ವಿದ್ಯಾರ್ಥಿಗಳು ಅರ್ಪಿಸುವ ಅಭಿನಂದನಾ ಪತ್ರಗಳು ಒಂದು ರಾಶಿಯೇ ಇದ್ದವು. ಮೇ ತಿಂಗಳ ಕೊನೆಗೆ ನಿವೃತ್ತರಾಗುವ ಶಿಕ್ಷಕರು ಹೆಚ್ಚು, ಆ ಕೆಲಸ ಮುಗಿಯದೆ ಬೇರೆ ಹಿಡಿಯುವುದಿಲ್ಲ ಎಂದು ಅಂಗಡಿಯವರು ಮೊದಲೇ ಹೇಳಿದರು.

ಪಟವನ್ನು ಮೇಜಿನ ಮೇಲೆ ಬಿಡಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಇವರು ಇದ್ದಾರಾ?” ಎಂಬುದು. ಕುತೂಹಲಕ್ಕೆ ಕೇಳಿದ ಮಾತಲ್ಲ ಅದು. ತೀರಿಕೊಂಡವರ ಪಟವಾದರೆ ಹಾರ ಹಾಕಲು ಮೇಲೆ ಎರಡು ಕೊಕ್ಕೆ ಕೂರಿಸಬೇಕು, ದೀಪಕ್ಕೆ ಜಾಗ ಬಿಡಬೇಕು. ದೇವರಾದರೆ ಬಂಗಾರದ ಬಣ್ಣದ ಬೀಡಿಂಗ್, ಅಂದರೆ ಸುತ್ತಲಿನ ಚೌಕಟ್ಟಿನ ಪಟ್ಟಿ, ಬೇಕು. ಇದ್ದಾರೆ, ಕೆಲಸ ಬಿಟ್ಟಿದ್ದಾರೆ ಅಷ್ಟೆ ಎಂದೆವು. ಹಾಗಾದರೆ ನಿಮಗೆ ಏನಾಗಬೇಕು ಎಂದರು. ಫುಟ್‌ಬಾಲ್ ತಂಡವೊಂದರ ಮ್ಯಾನೇಜರ್ ಎಂದಾಗ, “ಎಷ್ಟು ಸಲ ಗೆದ್ದರು?” ಎಂದು ಕೇಳಿದರು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಂಕಿ ಅಂಶ ಬಲ್ಲವನು ಒಂದೇ ಉಸಿರಿಗೆ ಹೇಳಿದ: 2015ರ ಅಕ್ಟೋಬರ್‌ನಲ್ಲಿ ಬಂದರು, 2019ರಲ್ಲಿ ಮ್ಯಾಡ್ರಿಡ್‌ನಲ್ಲಿ ಟಾಟೆನ್‌ಹ್ಯಾಮ್ ತಂಡವನ್ನು 2-0ರಿಂದ ಸೋಲಿಸಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು, ಮರುವರ್ಷ 99 ಅಂಕಗಳೊಂದಿಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಅದೂ 30 ವರ್ಷಗಳ ನಂತರ ಆ ಕ್ಲಬ್‌ಗೆ ದಕ್ಕಿದ ಲೀಗ್ ಪ್ರಶಸ್ತಿ, ಆಮೇಲೆ 2022ರಲ್ಲಿ ಎಫ್‌ಎ ಕಪ್, ಲೀಗ್ ಕಪ್ ಎರಡು ಸಲ. ಅಂಗಡಿಯವರು ತಲೆಯಾಡಿಸುತ್ತ ಪಟದ ಮಡಿಕೆಗಳನ್ನು ಬೆರಳಿನಿಂದ ಸವರುತ್ತಿದ್ದರು. ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಅಷ್ಟಕ್ಕೇ ಯಾರೂ ಫ್ರೇಮ್ ಹಾಕಿಸುವುದಿಲ್ಲ ಎಂದು ನನಗೆ ಆ ಕ್ಷಣ ಅನಿಸಿತು. ಗೆದ್ದವರನ್ನು ಮೆಚ್ಚುತ್ತೇವೆ ನಿಜ, ಆದರೆ ಈ ಮನುಷ್ಯನನ್ನು ನಾವು ಹಚ್ಚಿಕೊಂಡಿದ್ದು ಗೆಲ್ಲುವ ಮೊದಲೇ. ಹಾಗಾಗಿ ನಾನು ಸೋತ ಕಥೆಗಳನ್ನು ಹೇಳಿದೆ.

ಬಂದ ಎರಡೇ ತಿಂಗಳಿಗೆ, 2015ರ ಡಿಸೆಂಬರ್‌ನಲ್ಲಿ, ವೆಸ್ಟ್ ಬ್ರಾಮ್ ವಿರುದ್ಧ ತವರಿನಲ್ಲಿ ಕೊನೆಯ ಗಳಿಗೆಯ ಗೋಲಿನಿಂದ ಪಂದ್ಯ 2-2ರ ಸಮಬಲವಾಯಿತು. ಕ್ಲಾಪ್ ಅವರು ಆಟಗಾರರನ್ನೆಲ್ಲ ಸಾಲಾಗಿ ಕೈಹಿಡಿದು ಕರೆದುಕೊಂಡು ಹೋಗಿ ಕ್ಲಬ್‌ನ ಕಟ್ಟಾ ಅಭಿಮಾನಿಗಳು ನಿಲ್ಲುವ ಕಾಪ್ ಸ್ಟ್ಯಾಂಡಿನ ಜನರ ಮುಂದೆ ನಿಲ್ಲಿಸಿ ವಂದಿಸಿದರು. ಸಮಬಲಕ್ಕೆ ಇಷ್ಟು ಸಂಭ್ರಮವೇ ಎಂದು ಹೊರಗಿನವರು ನಕ್ಕರು. ಆದರೆ ಕೊನೆಯವರೆಗೂ ಕುಳಿತು ಕೂಗಿದ ಜನರಿಗೆ ನಿಮ್ಮ ಕೂಗು ನಮಗೆ ಕೇಳಿಸಿತು ಎಂದು ತಿಳಿಸುವ ರೀತಿ ಅದಾಗಿತ್ತು ಎಂಬುದು ಕ್ಲಬ್‌ನವರಿಗೆ ಅರ್ಥವಾಯಿತು. 2018ರಲ್ಲಿ ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 3-1ರಿಂದ ಚಾಂಪಿಯನ್ಸ್ ಲೀಗ್ ಫೈನಲ್ ಸೋತರು. 2018-19ರ ಪ್ರೀಮಿಯರ್ ಲೀಗ್‌ನಲ್ಲಿ 97 ಅಂಕ ಗಳಿಸಿಯೂ 98 ಅಂಕದ ಮ್ಯಾಂಚೆಸ್ಟರ್ ಸಿಟಿಯ ಹಿಂದೆ ನಿಂತರು. ಮೂರು ವರ್ಷದ ನಂತರ 92 ಅಂಕ ಗಳಿಸಿ ಮತ್ತೆ ಒಂದೇ ಅಂಕದಿಂದ ಅದೇ ತಂಡದ ಎದುರು ಹಿಂದೆ ಬಿದ್ದರು. ಇಷ್ಟಾದರೂ ಆಟಗಾರರತ್ತ ಬೆರಳು ತೋರಿಸಿದ್ದನ್ನು ನಾನು ಕಂಡಿಲ್ಲ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಮೈದಾನದ ಅಂಚಿನಲ್ಲಿ ನಿಂತು ಪಂದ್ಯದ ಅಧಿಕಾರಿಗಳ ಮೇಲೆ ಮಿತಿ ಮೀರಿ ರೇಗಿದ್ದೂ ಇದೆ, ಅದಕ್ಕೆ ಶಿಕ್ಷೆ ಅನುಭವಿಸಿದ್ದೂ ಇದೆ. ಅದು ನಮಗೂ ಇಷ್ಟವಾಗುತ್ತಿರಲಿಲ್ಲ.

2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಬಾರ್ಸಿಲೋನಾ ಪಂದ್ಯದ ರಾತ್ರಿಯನ್ನೂ ಹೇಳಿದೆ. ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿ ಗೆದ್ದವರನ್ನು ನಿರ್ಧರಿಸುವ ಹಂತ ಅದು. ಮೊದಲ ಪಂದ್ಯದಲ್ಲಿ 3-0 ಸೋಲು; ಎರಡನೆಯದಕ್ಕೆ ಗೋಲು ಹೊಡೆಯುವ ಸಲಾ ಇಲ್ಲ, ಫಿರ್ಮಿನೋ ಇಲ್ಲ. ನಮ್ಮಲ್ಲಿ ಆ ಪಂದ್ಯ ಶುರುವಾಗಿದ್ದು 2019ರ ಮೇ 8ರ ನಡುರಾತ್ರಿ 12:30ಕ್ಕೆ. ಸ್ನೇಹಿತನ ಮನೆಯ ಮಹಡಿಯ ಕೋಣೆಯಲ್ಲಿ ದನಿ ತಗ್ಗಿಸಿ ಟಿ.ವಿ. ಹಾಕಿಕೊಂಡು ಕುಳಿತಿದ್ದೆವು. ಅಲೆಕ್ಸಾಂಡರ್-ಅರ್ನಾಲ್ಡ್ ಕಾರ್ನರ್‌ನಿಂದ ಹೊರಟಂತೆ ಮಾಡಿ ತಟ್ಟನೆ ತಿರುಗಿ ಚೆಂಡು ಒದ್ದು, ಒರಿಗಿ ನಾಲ್ಕನೆಯ ಗೋಲು ಹೊಡೆದು ಒಟ್ಟು ಗೋಲುಗಳಲ್ಲಿ ನಮ್ಮ ತಂಡ ಮುಂದಾದಾಗ ನಾವು ಕೂಗಿದ ಕೂಗಿಗೆ ಕೆಳಗೆ ಮಲಗಿದ್ದ ಸ್ನೇಹಿತನ ತಾಯಿ ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದರು. ಬೈಯಲು ಬಂದವರು ಪರದೆಯ ಮೇಲೆ ಆ ನಗುವನ್ನು ನೋಡಿ, “ಅವರಿಗೇನಾಯ್ತು, ಅಷ್ಟು ಖುಷಿಯಾಗಿದ್ದಾರೆ?” ಎಂದು ಬಾಗಿಲಲ್ಲೇ ನಿಂತರು. ಅಂದಿನಿಂದ ಆ ಮನೆಯಲ್ಲಿ ಕ್ಲಾಪ್ ಅವರ ಹೆಸರು ‘ನಗೋರು’ ಎಂದೇ ಆಗಿದೆ. ಆಟದ ಒಂದು ನಿಯಮವೂ ಗೊತ್ತಿಲ್ಲದ ಆ ತಾಯಿ, 2021ರಲ್ಲಿ ಕ್ಲಾಪ್ ಅವರ ತಾಯಿ ತೀರಿಕೊಂಡರು, ಕೋವಿಡ್ ನಿರ್ಬಂಧಗಳಿಂದಾಗಿ ಅವರು ಅಂತ್ಯಕ್ರಿಯೆಗೆ ಜರ್ಮನಿಗೆ ಹೋಗಲಾಗಲಿಲ್ಲ ಎಂದು ತಿಳಿದಾಗ ಕಣ್ಣೊರೆಸಿಕೊಂಡಿದ್ದರು. ಆ ದಿನಗಳಲ್ಲಿ ತಂಡ ಸತತವಾಗಿ ಸೋಲುತ್ತಿತ್ತು. ಕ್ಲಬ್‌ನ ತವರಾದ ಆನ್‌ಫೀಲ್ಡ್ ಕ್ರೀಡಾಂಗಣದ ಹೊರಗೆ ಅಭಿಮಾನಿಗಳು ಅವರಿಗೆ ಬೆಂಬಲ ಹೇಳುವ ಬ್ಯಾನರ್ ಕಟ್ಟಿದ್ದರು. ಆ ಬ್ಯಾನರ್ ಕಟ್ಟಿದವರ ಮನಸ್ಸು ನಮಗೆ ಹಾಸನದಲ್ಲಿದ್ದೂ ತಿಳಿಯುತ್ತಿತ್ತು.

ಇಷ್ಟನ್ನೂ ಅಂಗಡಿಯವರು ಕೆಲಸ ನಿಲ್ಲಿಸದೆ ಕೇಳಿದರು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು: “ಮೇಷ್ಟ್ರು ಅನ್ನಿ.” ಅಷ್ಟು ಹೇಳಿ ಬಂಗಾರದ ಬಣ್ಣದ ಬೀಡಿಂಗ್ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಅಭಿನಂದನಾ ಪತ್ರಗಳಿಗೆ ಹಾಕುವ ಕಂದು ಬಣ್ಣದ ಸಾದಾ ಮರದ ಬೀಡಿಂಗ್ ತೆಗೆದರು.

ಈ ಅಂಗಡಿಯನ್ನು ನಾನು ಮನಸಾರೆ ಶಿಫಾರಸು ಮಾಡುವುದು ಇದೇ ಕಾರಣಕ್ಕೆ. ಪಟ ನಿಮಗೆ ಏನು ಎಂಬುದನ್ನು ಕೇಳಿಕೊಂಡು ಆಮೇಲೆ ಕೆಲಸದ ವಿಧಾನವನ್ನು ನಿರ್ಧರಿಸುತ್ತಾರೆ. ನಾವು ಕ್ಲಬ್‌ನ ಬಣ್ಣವೆಂದು ಸುತ್ತಲೂ ಕೆಂಪು ಮೌಂಟ್ ಬೋರ್ಡ್ (ಪಟದ ಸುತ್ತ, ಗಾಜಿನ ಅಡಿಯಲ್ಲಿ ಕೂರಿಸುವ ದಪ್ಪ ರಟ್ಟು) ಕೇಳಿದ್ದೆವು. ಅವರು ಕೆಂಪು ತುಂಡೊಂದನ್ನು ಪಟದ ಅಂಚಿಗೆ ಹಿಡಿದು ತೋರಿಸಿದರು: ಆಟಗಾರನ ಅಂಗಿಯ ಕೆಂಪು ಕಳೆಗುಂದಿ, ಕಣ್ಣು ಮುಖದ ಕಡೆ ಹೋಗದೆ ಅಂಚಿನಲ್ಲೇ ನಿಲ್ಲುತ್ತಿತ್ತು. ಬದಲಿಗೆ ಕೆನೆ ಬಣ್ಣದ ಬೋರ್ಡ್ ಇಟ್ಟು, ಅದರ ಒಳ ಅಂಚಿನಲ್ಲಿ ದಾರದಷ್ಟು ಸಣ್ಣ ಕೆಂಪು ಗೆರೆ ಕಾಣುವಂತೆ ಇನ್ನೊಂದು ಬೋರ್ಡನ್ನು ಅಡಿಯಲ್ಲಿ ಕೂರಿಸಿದರು. ಮೌಂಟ್ ಇರುವುದು ಅಂದಕ್ಕಷ್ಟೇ ಅಲ್ಲ. ಹೊಳಪಿನ ಕಾಗದ ನೇರವಾಗಿ ಗಾಜಿಗೆ ತಾಗಿದರೆ ನಮ್ಮ ಊರಿನ ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ನಡುವೆ ಬೋರ್ಡಿನ ದಪ್ಪದಷ್ಟು ಗಾಳಿ ಇರಬೇಕು ಎಂದು ಅವರು ವಿವರಿಸಿದಾಗ, ಹಿಂದಿನ ಚಿತ್ರ ಹಾಳಾದ ಬಗೆಯೂ ನಮಗೆ ತಿಳಿಯಿತು.

ಮಡಿಕೆಗಳ ವಿಷಯದಲ್ಲಿ ಅವರ ತಾಳ್ಮೆ ದೊಡ್ಡದು. ಇಸ್ತ್ರಿ ಪೆಟ್ಟಿಗೆ ಹಚ್ಚಲಿಲ್ಲ. ಪಟವನ್ನು ಎರಡು ದಪ್ಪ ಕಾಗದಗಳ ನಡುವೆ ಮಲಗಿಸಿ, ಮೇಲೆ ಗಾಜಿನ ಹಾಳೆಗಳ ಭಾರ ಹೇರಿ ಮೂರು ದಿನ ಹಾಗೆಯೇ ಬಿಟ್ಟರು. ಹಲಗೆಗೆ ಅಂಟಿಸಲೂ ಇಲ್ಲ. ಮೇಲಿನ ಅಂಚನ್ನು ಮಾತ್ರ ಎರಡು ಕಡೆ ಕಾಗದದ ಪಟ್ಟಿಯಿಂದ ಹಿಡಿಸಿ ಕೆಳಗೆ ಸಡಿಲ ಬಿಟ್ಟರು, ತೇವಕ್ಕೆ ಕಾಗದ ಹಿಗ್ಗಿದಾಗ ಸುಕ್ಕಾಗದಿರಲಿ ಎಂದು. ಹಿಂಬದಿಯ ಸಂದುಗಳನ್ನೆಲ್ಲ ಟೇಪಿನಿಂದ ಮುಚ್ಚಿ, ಕೆಳಗಿನ ಎರಡು ಮೂಲೆಗೆ ರಬ್ಬರಿನ ಸಣ್ಣ ಬಿಲ್ಲೆ ಹಚ್ಚಿದರು. ಪಟ ಗೋಡೆಗೆ ಒತ್ತಿಕೊಳ್ಳದೆ ಹಿಂದೆ ಗಾಳಿ ಆಡುತ್ತದೆ. ಎರಡು ಮಳೆಗಾಲ ಕಳೆದರೂ ಬೂಷ್ಟು ಹಿಡಿದಿಲ್ಲ, ಹುಳ ಹೊಕ್ಕಿಲ್ಲ, ಬೀಡಿಂಗ್‌ನ ನಾಲ್ಕು ಮೂಲೆಗಳಲ್ಲಿ ಉಗುರು ತೂರುವಷ್ಟೂ ಬಿರುಕು ಬಿಟ್ಟಿಲ್ಲ. ಅಡ್ಡ ಮಡಿಕೆಯ ಗುರುತೊಂದು ಕ್ಲಾಪ್ ಅವರ ಭುಜದ ಮೇಲೆ ತೆಳುವಾಗಿ ಉಳಿದಿದೆ. ಅದು ಹೋಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

ಕೊರತೆಗಳೂ ಇವೆ. ನಾಲ್ಕು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು, ಎರಡು ಸಲ ಬರಿಗೈಲಿ ಹಿಂದಿರುಗಿದೆವು. ಅಳತೆಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆಯೇ ಹೊರತು ರಸೀದಿ ಕೊಡುವುದಿಲ್ಲ. ಬೆಲೆಬಾಳುವ ಹಳೆಯ ಚಿತ್ರ ಕೊಡುವವರು ತಾವೇ ಚೀಟಿ ಬರೆಸಿಕೊಳ್ಳುವುದು ಒಳ್ಳೆಯದು. ನೇತುಹಾಕಲು ಕೊಟ್ಟ ತಂತಿ ಆ ಗಾಜಿನ ತೂಕಕ್ಕೆ ಸಾಲದು ಎನಿಸಿ ನಾವೇ ಬದಲಾಯಿಸಿದೆವು. ಎಲ್ಲ ಸೇರಿ 1,150 ರೂಪಾಯಿ ಆಯಿತು. ಸಿಂಥೆಟಿಕ್ ಬೀಡಿಂಗ್ ಹಾಕಿಸಿದ್ದರೆ ಇದಕ್ಕಿಂತ ಕಡಿಮೆಯಾಗುತ್ತಿತ್ತು, ಆದರೆ ಮರದ್ದಕ್ಕೆ ಕೊಟ್ಟ ಹಣಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಕ್ಲಾಪ್ ಅವರ ಕೊನೆಯ ಪಂದ್ಯ 2024ರ ಮೇ 19ರಂದು ವುಲ್ವ್ಸ್ ವಿರುದ್ಧ ನಡೆಯಿತು. ತಮ್ಮಲ್ಲಿ ಶಕ್ತಿ ಬತ್ತುತ್ತಿದೆ ಎಂದು ಆ ಜನವರಿಯಲ್ಲೇ ಹೇಳಿದ್ದರಿಂದ ಅಳುವುದನ್ನೆಲ್ಲ ಅತ್ತಾಗಿತ್ತು ಎಂದುಕೊಂಡಿದ್ದೆವು. ಆದರೆ ಮೈದಾನದ ನಡುವೆ ಮೈಕ್ ಹಿಡಿದು ನಿಂತ ಅವರು, ತಮ್ಮ ಜಾಗಕ್ಕೆ ಬರಲಿದ್ದ ಆರ್ನೆ ಸ್ಲಾಟ್ ಅವರ ಹೆಸರನ್ನು ತಾವೇ ಹಾಡಿ ಜನರಿಂದಲೂ ಹಾಡಿಸಿದಾಗ, ನಮ್ಮ ಕೋಣೆಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫ್ರೇಮ್ ಹಾಕಿಸಬೇಕೆಂಬ ಮಾತು ಹುಟ್ಟಿದ್ದು ಆ ರಾತ್ರಿಯೇ. ಸ್ಲಾಟ್ ಅವರು ಮೊದಲ ವರ್ಷದಲ್ಲೇ, 2025ರ ಏಪ್ರಿಲ್‌ನಲ್ಲಿ, ಟಾಟೆನ್‌ಹ್ಯಾಮ್ ತಂಡವನ್ನು 5-1ರಿಂದ ಸೋಲಿಸಿ ಕ್ಲಬ್‌ಗೆ 20ನೆಯ ಲೀಗ್ ಪ್ರಶಸ್ತಿ ತಂದುಕೊಟ್ಟರು. ಅದೇ ಕೋಣೆಯಲ್ಲಿ ಕುಣಿದೆವು, ಸಿಹಿ ಹಂಚಿದೆವು. ಅವರ ಪಟಕ್ಕೆ ಫ್ರೇಮ್ ಹಾಕಿಸೋಣ ಎಂದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅದು ಅವರ ತಪ್ಪಲ್ಲ, ನಮ್ಮದೂ ಅಲ್ಲ.

ಪಟ ಈಗ ಆ ಮಹಡಿಯ ಕೋಣೆಯಲ್ಲಿ ಟಿ.ವಿ.ಯ ಎಡಕ್ಕಿದೆ. ಸ್ನೇಹಿತನ ತಾಯಿ ವಾರಕ್ಕೊಮ್ಮೆ ಒಣಬಟ್ಟೆಯಿಂದ ಗಾಜು ಒರೆಸುತ್ತಾರೆ. ಒದ್ದೆ ಬಟ್ಟೆ ಬೇಡವೆಂದು ಅಂಗಡಿಯವರು ಹೇಳಿದ್ದನ್ನು ನಾವು ಮರೆತರೂ ಅವರು ಮರೆತಿಲ್ಲ.

ಹೋಗುವವರಿಗೆ ಒಂದು ಸೂಚನೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಆ ಕಡೆಗೆ ಕಾಲಿಡಲು ಜಾಗವಿರುವುದಿಲ್ಲ, ಅಂಗಡಿಯವರ ಕೈಯಲ್ಲೂ ದೇವಿಯ ಪಟಗಳ ಕೆಲಸವೇ ತುಂಬಿರುತ್ತದೆ. ಬಲಿಪಾಡ್ಯಮಿ ಕಳೆದು ಒಂದು ವಾರ ಬಿಟ್ಟು, ಬೆಳಿಗ್ಗೆ ಹನ್ನೊಂದರ ಮೇಲೆ ಹೋದರೆ ಕೂತು ಮಾತನಾಡಲು ಅವರಿಗೆ ಸಮಯವಿರುತ್ತದೆ.