ಹೃದಯದ ಎಕೋ ಪರೀಕ್ಷೆ: ಕವಾಟ ಕಂಡಷ್ಟು ರಕ್ತನಾಳ ಕಾಣುವುದಿಲ್ಲ

ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದ್ದರಿಂದ ನಮ್ಮ ತಾಯಿಯವರಿಗೆ ಹೃದ್ರೋಗ ತಪಾಸಣಾ ಕೇಂದ್ರವೊಂದರಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದೆವು. ಆ ಅನುಭವದ ಮೇಲೆ ನನ್ನ ಅಭಿಪ್ರಾಯ ಹೀಗಿದೆ: ಹೃದಯದ ಕವಾಟಗಳ ಸ್ಥಿತಿ ತಿಳಿಯಲು ಇದಕ್ಕಿಂತ ಸುಲಭವಾದ, ಭರವಸೆಯ ಪರೀಕ್ಷೆ ಬೇರೊಂದಿಲ್ಲ, ಆದರೆ ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕೊರೋನರಿ ರಕ್ತನಾಳಗಳ ವಿಷಯದಲ್ಲಿ ಇದೊಂದನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ.

ಪರೀಕ್ಷೆಯಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ ಹಚ್ಚಿ, ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ (ಧ್ವನಿತರಂಗ ಕಳಿಸಿ ಮರಳಿ ಗ್ರಹಿಸುವ ಸಾಧನ) ಒತ್ತಿ ಹಿಡಿಯುತ್ತಾರೆ. ವೈದ್ಯೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ದ್ವಾರದಲ್ಲಿರುವ ಅಯೋರ್ಟಿಕ್ ಕವಾಟವನ್ನು ತೋರಿಸಿದರು. ಅದರ ದಳಗಳು ಸುಣ್ಣಗಟ್ಟಿ ದಪ್ಪಗಾಗಿ ಬೆಳ್ಳಗೆ ಹೊಳೆಯುತ್ತಿದ್ದವು. ಪ್ರತಿ ಬಡಿತಕ್ಕೂ ಅಗಲವಾಗಿ ತೆರೆದುಕೊಳ್ಳಬೇಕಾದವು ಚೂರೇ ಚೂರು ಅಲುಗಿ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಸಾಮಾನ್ಯವಾಗಿ 3ರಿಂದ 4 ಚದರ ಸೆಂಟಿಮೀಟರ್ ಇರುವ ಈ ದ್ವಾರ 1 ಚದರ ಸೆಂಟಿಮೀಟರಿಗೆ ಇಳಿದರೆ ಅದನ್ನು ತೀವ್ರ ಕಿರಿದಾಗುವಿಕೆ ಎಂದು ಪರಿಗಣಿಸುತ್ತಾರೆ. ದ್ವಾರ ಕಿರಿದಾದಷ್ಟೂ ರಕ್ತ ರಭಸದಿಂದ ಚಿಮ್ಮುತ್ತದೆ, ಆ ವೇಗವನ್ನು ಇದೇ ಪರೀಕ್ಷೆಯ ಭಾಗವಾದ ಡಾಪ್ಲರ್ ವಿಧಾನ ಅಳೆಯುತ್ತದೆ. ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ ಕವಾಟದ ಎರಡು ಬದಿಗಳ ನಡುವಿನ ಗರಿಷ್ಠ ಒತ್ತಡದ ಅಂತರ ಸುಮಾರು 64 ಮಿಲಿಮೀಟರ್ ಪಾದರಸ ಎಂದು ಲೆಕ್ಕ ಹಾಕಬಹುದು. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಇದ್ದರೂ ಎಡ ಹೃತ್ಕುಕ್ಷಿಯು (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಒಳಗೆ ಅಷ್ಟು ಹೆಚ್ಚಿನ ಒತ್ತಡದಲ್ಲಿ ದುಡಿಯುತ್ತಿರುತ್ತದೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆ ಪರದೆಯ ಮುಂದೆಯೇ.

ಹೀಗೆ ದುಡಿದು ದುಡಿದು ಸ್ನಾಯು ದಪ್ಪಗಾಗುತ್ತದೆ. ದಪ್ಪಗಾದ ಗೋಡೆ ಬಿರುಸಾಗುವುದರಿಂದ ಹೃತ್ಕುಕ್ಷಿ ಸಲೀಸಾಗಿ ತುಂಬಿಕೊಳ್ಳಲಾರದು. ಒತ್ತಡ ಹಿಮ್ಮುಖವಾಗಿ ಶ್ವಾಸಕೋಶದವರೆಗೂ ತಲುಪಿ ಏದುಸಿರು ಕಾಣಿಸಿಕೊಳ್ಳುತ್ತದೆ. ಇದಲ್ಲದೆ, ದಪ್ಪ ಸ್ನಾಯುವಿಗೆ ಹೆಚ್ಚು ರಕ್ತ ಬೇಕು, ಆದರೆ ಎಡ ಹೃತ್ಕುಕ್ಷಿಯ ಗೋಡೆಗೆ ಕೊರೋನರಿ ರಕ್ತ ಹರಿಯುವುದು ಮುಖ್ಯವಾಗಿ ಹೃದಯ ಸಡಿಲಗೊಳ್ಳುವ ಅವಧಿಯಲ್ಲಿ. ಆದ್ದರಿಂದ ರಕ್ತನಾಳಗಳಲ್ಲಿ ಯಾವ ತಡೆಯೂ ಇಲ್ಲದವರಿಗೂ ಕವಾಟದ ಕಾರಣದಿಂದಲೇ ಎದೆನೋವು ಬರಬಹುದು.

ಎಡ ಹೃತ್ಕರ್ಣ (ಶ್ವಾಸಕೋಶದಿಂದ ಬಂದ ರಕ್ತ ಸೇರುವ ಮೇಲಿನ ಕೋಣೆ) ಮತ್ತು ಎಡ ಹೃತ್ಕುಕ್ಷಿಯ ನಡುವಿನ ಮೈಟ್ರಲ್ ಕವಾಟವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಎಕೋ ವಿಧಾನವನ್ನು ಆರಂಭಿಸಿದಾಗ ಎಡ್ಲರ್ ಅವರಿಗೆ ತಿಳಿಯಬೇಕಿದ್ದದ್ದು ಇದೇ ಕವಾಟದ ಸ್ಥಿತಿ. ಸೋರುವ ಕವಾಟದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ವರದಿಯಲ್ಲಿ ಎಲ್ಲರೂ ಮೊದಲು ಹುಡುಕುವ ಇಜೆಕ್ಷನ್ ಫ್ರ್ಯಾಕ್ಷನ್ (ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರತಳ್ಳುವ ಪಾಲು) 60 ಶೇಕಡಾ ಇದ್ದರೂ, ಮೈಟ್ರಲ್ ಕವಾಟ ತೀವ್ರವಾಗಿ ಸೋರುತ್ತಿದ್ದರೆ ಆ ರಕ್ತದ ಒಂದು ಪಾಲು ಮುಂದಕ್ಕೆ ಹೋಗದೆ ಎಡ ಹೃತ್ಕರ್ಣಕ್ಕೆ ಹಿಂತಿರುಗಿರುತ್ತದೆ. ಅಂಕಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಎಂದಲ್ಲ.

ಇನ್ನು ರಕ್ತನಾಳಗಳ ಮಾತು. ಕೊರೋನರಿ ರಕ್ತನಾಳದ ವ್ಯಾಸ 70 ಶೇಕಡಾ ಕಿರಿದಾಗಿದ್ದರೂ, ಮಲಗಿರುವ ರೋಗಿಯ ಹೃದಯಕ್ಕೆ ಬೇಕಾದಷ್ಟು ರಕ್ತ ಹರಿದು ಗೋಡೆಗಳು ಸರಿಯಾಗಿಯೇ ಚಲಿಸುತ್ತಿರಬಹುದು. ಹೃದಯಾಘಾತವಾಗಿ ಸ್ನಾಯುವಿನ ಒಂದು ಭಾಗ ನಿಷ್ಕ್ರಿಯವಾದ ಮೇಲೆ ಎಕೋ ಅದನ್ನು ತೋರಿಸುತ್ತದೆ. ಅದಕ್ಕೆ ಮುಂಚೆ ಬಹಳಷ್ಟು ಸಲ ತೋರಿಸುವುದಿಲ್ಲ. ಶ್ರಮಪಟ್ಟಾಗ ಎದೆ ಹಿಡಿದಂತಾಗುವವರು "ಎಕೋ ನಾರ್ಮಲ್" ಎಂಬ ಎರಡು ಪದ ಓದಿ ಸುಮ್ಮನಾಗುವುದು ನಿಜಕ್ಕೂ ಅಪಾಯಕಾರಿ. ಅಂಥವರಿಗೆ ಸ್ಟ್ರೆಸ್ ಎಕೋ (ಹೃದಯಕ್ಕೆ ಶ್ರಮ ಕೊಟ್ಟು ಮಾಡುವ ಎಕೋ), ಸಿಟಿ ಆಂಜಿಯೋಗ್ರಾಂ (ಸ್ಕ್ಯಾನ್‌ನಲ್ಲಿ ರಕ್ತನಾಳಗಳನ್ನು ನೋಡುವುದು) ಅಥವಾ ಕ್ಯಾತಿಟರ್ ಆಂಜಿಯೋಗ್ರಾಂ (ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ನೋಡುವುದು), ಇವುಗಳಲ್ಲಿ ಯಾವುದು ಬೇಕೆಂದು ವೈದ್ಯರೇ ನಿರ್ಧರಿಸಬೇಕು.

ಸೇವೆಯ ಗುಣಮಟ್ಟ ಯಂತ್ರಕ್ಕಿಂತ ಹೆಚ್ಚಾಗಿ ಪ್ರೋಬ್ ಹಿಡಿದ ಕೈಯನ್ನು ಅವಲಂಬಿಸಿದೆ. ಡಾಪ್ಲರ್ ಕಿರಣ ರಕ್ತದ ಹರಿವಿಗೆ ನೇರವಾಗಿರದೆ ಓರೆಯಾದರೆ ವೇಗ ಕಡಿಮೆ ಎಂದು ದಾಖಲಾಗಿ, ತೀವ್ರ ಸಮಸ್ಯೆಯೂ ಸಾಧಾರಣವೆಂಬಂತೆ ಕಾಣುತ್ತದೆ. ನಮ್ಮ ವೈದ್ಯೆ ಹೃದಯದ ತುದಿಯ ಕಡೆಯಿಂದ ಮಾತ್ರ ಅಳೆದು ಮುಗಿಸದೆ, ಎದೆಮೂಳೆಯ ಬಲಬದಿಯಿಂದಲೂ ಕತ್ತಿನ ಬುಡದ ಕುಳಿಯಿಂದಲೂ ಅಳೆದು, ಸಿಕ್ಕ ಅತಿ ಹೆಚ್ಚಿನ ವೇಗವನ್ನೇ ಬರೆದರು. ಈ ತಾಳ್ಮೆಗಾಗಿ ಆ ಕೇಂದ್ರವನ್ನು ಮನಸಾರೆ ಮೆಚ್ಚುತ್ತೇನೆ. ಕೊರತೆಯೆಂದರೆ ವರದಿ ಕೊಡುವ ರೀತಿ: ಸಂಕ್ಷೇಪಾಕ್ಷರಗಳೇ ತುಂಬಿದ ಹಾಳೆಯನ್ನು ಕೌಂಟರಿನಲ್ಲಿ ಕೈಗಿಟ್ಟು ಕಳುಹಿಸಿದರು. ಕವಾಟದ ದ್ವಾರದ ಅಳತೆ, ಒತ್ತಡದ ಸರಾಸರಿ ಅಂತರ, ಗೋಡೆಯ ದಪ್ಪ, ಗೋಡೆಗಳ ಚಲನೆ ಈ ನಾಲ್ಕನ್ನಾದರೂ ರೋಗಿಗೆ ತಿಳಿಯುವ ಮಾತಿನಲ್ಲಿ ಬರೆದುಕೊಡುವುದು ಕಷ್ಟದ ಕೆಲಸವೇನಲ್ಲ.

ಕವಾಟ ಬದಲಾವಣೆಯ ಸಲಹೆ ಬಂದವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಕೊರೋನರಿ ರಕ್ತನಾಳಗಳ ಪರೀಕ್ಷೆಯನ್ನೂ ಮಾಡುತ್ತಾರೆ, ಏಕೆಂದರೆ ವಯಸ್ಸಾದವರಲ್ಲಿ ಎರಡು ತೊಂದರೆಗಳೂ ಒಟ್ಟಿಗೆ ಇರುವುದುಂಟು, ಮತ್ತು ತಡೆ ಸಿಕ್ಕರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ಬೈಪಾಸ್ ಕೂಡ ಮಾಡಬಹುದು. ನಮ್ಮ ತಾಯಿಯವರಿಗೂ ಈಗ ಆಂಜಿಯೋಗ್ರಾಂ ಬರೆದುಕೊಟ್ಟಿದ್ದಾರೆ.