ಮಲೆನಾಡಿನ ಹಳೆಯ ಗೋಡೆಗೆ ಸುಣ್ಣವೋ, ಡಿಸ್ಟೆಂಪರೋ, ಎಮಲ್ಷನ್ನೋ

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಹಳೆಯ ಮನೆಗೆ ಬಣ್ಣ ಹೊಡೆಸಲು ಹೊರಟವರು ಅಂಗಡಿಯಲ್ಲಿ ಶೇಡ್ ಕಾರ್ಡ್ ತಿರುವಿ ಹಾಕುವಷ್ಟು ಹೊತ್ತು ತಮ್ಮ ಮನೆಯ ಗೋಡೆಯನ್ನು ನೋಡುವುದಿಲ್ಲ. ಗೋಡೆ ಮಣ್ಣಿನದೋ ಸಿಮೆಂಟಿನದೋ, ಬುಡದಿಂದ ತೇವ ಏರುತ್ತದೆಯೋ ಇಲ್ಲವೋ, ಪಡುವಣ ಮಳೆ ಅದಕ್ಕೆ ನೇರವಾಗಿ ಬಡಿಯುತ್ತದೆಯೋ ಎಂಬುದರ ಮೇಲೆಯೇ ಬಣ್ಣದ ಬಾಳಿಕೆ ನಿಂತಿದೆ. ಇದನ್ನು ಕಣ್ಣಾರೆ ನೋಡೋಣವೆಂದು ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯ ಪಡುವಣ ಕೋಣೆಯ ಒಂದೇ ಗೋಡೆಯನ್ನು ನೆಲದಿಂದ ತೊಲೆಯವರೆಗೆ ಮೂರು ಪಟ್ಟಿಗಳಾಗಿ ಹಂಚಿ, ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಅಕ್ರಿಲಿಕ್ ಡಿಸ್ಟೆಂಪರ್ (ಅಂಟು ಬೆರೆತ ಸೀಮೆಸುಣ್ಣದ ಬಣ್ಣ), ಮತ್ತೊಂದಕ್ಕೆ ಒಳಗೋಡೆಯ ಎಮಲ್ಷನ್ (ಒಣಗಿದರೆ ಪ್ಲಾಸ್ಟಿಕ್‌ನಂತಹ ಪೊರೆಯಾಗುವ ಬಣ್ಣ) ಬಳಿದು, ಕೆಲವು ಮಳೆಗಾಲಗಳನ್ನು ಕಾದೆ. ಗೋಡೆ ಒಂದೇ, ಮಳೆ ಒಂದೇ, ಬಳಿದ ಕೈಯೂ ಒಂದೇ ಆದ್ದರಿಂದ ಕಂಡ ವ್ಯತ್ಯಾಸವನ್ನು ಬಣ್ಣದ ಲೆಕ್ಕಕ್ಕೇ ಹಾಕಬಹುದು.

ಗೋಡೆಯ ಸ್ವಭಾವವನ್ನು ಮೊದಲು ಹೇಳಬೇಕು. ಕಲ್ಲಿನ ತಳಪಾಯದ ಮೇಲೆ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಈಗಿನ ಕಟ್ಟಡಗಳಲ್ಲಿ ತಳಪಾಯಕ್ಕೂ ಗೋಡೆಗೂ ನಡುವೆ ಹಾಕುವ, ತೇವ ತಡೆಯುವ ಕಾಂಕ್ರೀಟಿನ ಪದರ ಅದಕ್ಕಿಲ್ಲ. ಹೀಗಾಗಿ ನೆಲದ ನೀರನ್ನು ಗೋಡೆ ಹೀರಿಕೊಂಡು ಮೇಲೆಳೆಯುತ್ತದೆ, ನೀರಿನ ಜೊತೆಗೆ ಮಣ್ಣಿನಲ್ಲಿರುವ ಉಪ್ಪಿನ ಅಂಶವೂ ಏರುತ್ತದೆ. ನೀರು ಎಲ್ಲಿ ಆವಿಯಾಗುತ್ತದೆಯೋ ಅಲ್ಲಿ ಉಪ್ಪು ಹರಳುಗಟ್ಟುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗೆ ಬಿಡದೆ ಹುಯ್ಯುವ ನಮ್ಮ ಮಳೆಯಲ್ಲಿ ಇಂಥ ಗೋಡೆ ಒದ್ದೆಯಾಗದಂತೆ ತಡೆಯುವುದು ಹೆಚ್ಚುಕಡಿಮೆ ಆಗದ ಮಾತು. ಒದ್ದೆಯಾದದ್ದು ಬೇಗ ಒಣಗುವಂತೆ ಮಾಡುವುದಷ್ಟೇ ನಮ್ಮ ಕೈಯಲ್ಲಿದೆ. ಮೂರು ಬಣ್ಣಗಳ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಸುಣ್ಣ ಆವಿಯನ್ನು ಹೊರಗೆ ಬಿಡುತ್ತದೆ, ಎಮಲ್ಷನ್ ಬಹುಮಟ್ಟಿಗೆ ತಡೆಯುತ್ತದೆ, ಡಿಸ್ಟೆಂಪರ್ ಎರಡರ ನಡುವೆ ನಿಲ್ಲುತ್ತದೆ.

ಗೋಡೆ ಎಷ್ಟು ಒದ್ದೆ ಎಂದು ತಿಳಿಯಲು ಯಂತ್ರವೇನೂ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದು ನೋಡಬೇಕು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ತೇವ ಗೋಡೆಯದು. ಹೊರಮೈ ಮಾತ್ರ ಬೆವತಿದ್ದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಗೋಡೆಯ ಬುಡದಲ್ಲಿ ಬೇಸಗೆಯಲ್ಲಿಯೂ ಒಳಮೈ ಮಂಜಾಗಿತ್ತು. ಎದೆಯ ಮಟ್ಟದಿಂದ ಮೇಲೆ ಒಣಗಿತ್ತು. ಬಣ್ಣದ ಕೆಲಸಕ್ಕೆ ನಮ್ಮ ಕಡೆ ಒಳ್ಳೆಯ ಕಾಲವೆಂದರೆ ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವುದಕ್ಕೆ ಮುಂಚಿನ ಫೆಬ್ರವರಿ, ಮಾರ್ಚ್. ದೀಪಾವಳಿಗೆ ಬಣ್ಣ ಆಗಲೇಬೇಕೆಂದು ಹಟ ಹಿಡಿಯುವವರು, ಮಳೆಗಾಲವಿಡೀ ಕುಡಿದ ನೀರನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಗೋಡೆಗೆ ಮುಚ್ಚಳ ಹಾಕುತ್ತಾರೆ.

ಸುಣ್ಣದ ಕೆಲಸ ಅಗ್ಗದ್ದಾದರೂ ಹಗುರದ್ದಲ್ಲ. ಸುಟ್ಟ ಸುಣ್ಣದ ಹರಳುಗಳನ್ನು ತಂದು ಅರಳಿಸಬೇಕು. ಒಂದು ಕಿಲೋ ಹರಳಿಗೆ ಸುಮಾರು 5 ಲೀಟರ್ ನೀರೆಂಬ ಲೆಕ್ಕದಲ್ಲಿ, ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ವಿನಾ ಹರಳಿನ ಮೇಲೆ ನೀರು ಸುರಿಯಬಾರದು; ಕುದಿ ಎದ್ದಾಗ ಸಿಡಿಯುವ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಪ್ಲಾಸ್ಟಿಕ್ ಬಕೆಟ್ ಆ ಶಾಖಕ್ಕೆ ಮೆತ್ತಗಾಗುತ್ತದೆ, ಆದ್ದರಿಂದ ಕಬ್ಬಿಣದ ಡ್ರಮ್ಮೇ ಆಗಬೇಕು. ಕನ್ನಡಕ, ರಬ್ಬರ್ ಕೈಗವಸು, ಪಕ್ಕದಲ್ಲಿ ಒಂದು ಬಿಂದಿಗೆ ಶುದ್ಧ ನೀರು ಇರಲಿ, ಮಕ್ಕಳು ಅಂಗಳದಾಚೆ ಇರಲಿ. ಕುದಿ ಇಳಿದ ಮೇಲೆ ಒಂದು ದಿನವಾದರೂ ನೆನೆಯಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿ, ಲೀಟರಿಗೆ 4 ಗ್ರಾಮಿನಂತೆ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಬೇಕು. ಹಳದಿಗೆ ತಿರುಗದಿರಲು ಚಿಟಿಕೆ ನೀಲಿ ಸಾಕು. ಇಷ್ಟೆಲ್ಲ ಬೇಡವೆನ್ನುವವರಿಗೆ ಅರಳಿಸಿದ ಸುಣ್ಣದ ಪುಡಿ ಚೀಲದಲ್ಲಿ ಸಿಗುತ್ತದೆ. ಆದರೆ ಬಾಯಿ ಬಿಚ್ಚಿ ಬಹಳ ದಿನವಾದ ಚೀಲದ ಪುಡಿ ಆಗಲೇ ಗಾಳಿಯನ್ನು ಹೀರಿ ಸತ್ತಿರುತ್ತದೆ. ಅದು ಗೋಡೆಗೆ ಕಚ್ಚುವುದಿಲ್ಲ, ಬರೀ ಧೂಳಾಗಿ ಉದುರುತ್ತದೆ.

ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು. ಕತ್ತಾಳೆ ನಾರಿನ ಕುಂಚದಿಂದ ಮೊದಲ ಕೈ ಬಳಿದಾಗ ಏನೂ ಕಾಣುವುದಿಲ್ಲ. ಕುಂಚ ಹೋದ ದಾರಿಯಲ್ಲಿ ಕಂದು ಗೋಡೆ ಒದ್ದೆಯಾಗಿ ಹೊಳೆಯುತ್ತದೆ, ಅಷ್ಟೆ. ಇಲ್ಲಿ ತಾಳ್ಮೆಗೆಟ್ಟು ಸುಣ್ಣವನ್ನು ಗಟ್ಟಿ ಮಾಡಿ ಬಳಿದರೆ ಒಣಗಿದ ಮೇಲೆ ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಎದ್ದು ಬರುತ್ತದೆ. ತೆಳುವಾಗಿ ಬಳಿದು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದೇ ಗೋಡೆ ಮೂಲೆಯಿಂದ ಬೆಳ್ಳಗಾಗುತ್ತ ಬರುತ್ತದೆ. ಸುಣ್ಣ ನೀರಾರಿದ ಮಾತ್ರಕ್ಕೆ ಗಟ್ಟಿಯಾಗುವ ವಸ್ತುವಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮರಳಿ ಸುಣ್ಣದ ಕಲ್ಲಾಗುತ್ತ ಹೋಗುತ್ತದೆ, ಅದಕ್ಕೆ ಸ್ವಲ್ಪ ತೇವವೂ ಸಮಯವೂ ಬೇಕು. ಮೂರು ತೆಳುವಾದ ಕೈ, ಒಂದೊಂದರ ನಡುವೆ ಒಂದು ರಾತ್ರಿ, ಇದು ನಮ್ಮ ಗೋಡೆಗೆ ಸರಿಹೋಯಿತು. ಸುಣ್ಣದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಪಾಳು ಚರ್ಚನ್ನು ಎತ್ತಿ ತೋರಿಸುತ್ತಾರೆ. ಅದು ಗೋಡೆ ಕಟ್ಟಲು ಬಳಸಿದ ಗಾರೆಯ ಕಥೆ, ಬಳಿಯುವ ಸುಣ್ಣಕ್ಕೆ ಆ ಆಯುಷ್ಯವನ್ನು ಆರೋಪಿಸುವುದು ನ್ಯಾಯವಲ್ಲ.

ಎಮಲ್ಷನ್ನಿನ ಪಟ್ಟಿಗೆ ಪ್ರೈಮರ್ (ಬಣ್ಣ ಕಚ್ಚಲೆಂದು ಮೊದಲು ಬಳಿಯುವ ಪದರ) ಒಂದು ಕೈ, ಬಿಳಿ ಸಿಮೆಂಟಿನ ಪುಟ್ಟಿ (ಏರುತಗ್ಗು ಮುಚ್ಚುವ ಲೇಪ) ಎರಡು ಕೈ, ಎಮರಿ ಪೇಪರಿನಿಂದ ತಿಕ್ಕಿ ನಯ ಮಾಡುವುದು, ಮತ್ತೆ ಪ್ರೈಮರ್, ಆಮೇಲೆ ರೋಲರಿನಲ್ಲಿ ಬಣ್ಣ ಎರಡು ಕೈ. ಖರ್ಚು ಏರುವುದು ಬಣ್ಣಕ್ಕಿಂತ ಹೆಚ್ಚಾಗಿ ಈ ತಯಾರಿಯಲ್ಲಿ. ಮುಗಿದ ದಿನ ಅದರ ಮುಂದೆ ಉಳಿದೆರಡು ಪಟ್ಟಿಗಳು ಬಡವಾಗಿ ಕಂಡವು ಎಂಬುದನ್ನು ಮುಚ್ಚಿಡಲಾರೆ. ಮೈ ನಯ, ಬಣ್ಣ ಎಲ್ಲೆಡೆ ಸಮ, ಒರಗಿದರೆ ಬಟ್ಟೆಗೆ ಹತ್ತುವುದಿಲ್ಲ, ಸಾರು ಸಿಡಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಬಂದ ನೆಂಟರೆಲ್ಲ ಆ ಪಟ್ಟಿಯನ್ನೇ ತೋರಿಸಿ ಇಡೀ ಮನೆಗೆ ಇದನ್ನೇ ಹೊಡೆಸಿ ಎಂದರು. ಪುಷ್ಯ ಮಳೆ ಹಿಡಿಯುವವರೆಗೆ ನನ್ನ ಅಭಿಪ್ರಾಯವೂ ಅದೇ ಕಡೆಗೆ ವಾಲಿತ್ತು.

ಮಳೆ ಹಿಡಿದ ಮೇಲೆ ನೆಲದಿಂದ ಎರಡು ಗೇಣು ಎತ್ತರದಲ್ಲಿ ಅಂಗೈಯಗಲದ ಉಬ್ಬು ಕಾಣಿಸಿತು. ಬೆರಳಿನಿಂದ ಒತ್ತಿದರೆ ಒಳಗೆ ನೀರು ಅತ್ತಿತ್ತ ಸರಿಯುವುದು ತಿಳಿಯುತ್ತಿತ್ತು. ಬ್ಲೇಡಿನ ತುದಿಯಿಂದ ಸೀಳಿದಾಗ ಮಾಸಲು ನೀರು ಗೋಡೆಗುಂಟ ಇಳಿಯಿತು, ಬಣ್ಣದ ಪದರ ಕಾದಾರಿದ ಹಾಲಿನ ಕೆನೆಯಂತೆ ಒಂದೇ ತುಂಡಾಗಿ ಕೈಗೆ ಬಂತು. ಅದರ ಬೆನ್ನಿಗೆ ಪುಟ್ಟಿ ಪುಡಿಯಾಗಿ ಅಂಟಿತ್ತು. ಹಿಂದಿನ ಗಾರೆ ಕಪ್ಪಗೆ ನೆನೆದು ಮೆತ್ತಗಾಗಿತ್ತು, ಅದರ ಮೇಲೆ ಉಪ್ಪು ಸೂಜಿಮೊನೆಯ ಹರಳುಗಳಾಗಿ ನಿಂತಿತ್ತು. ಕಾರಣ ಸರಳ. ಹೊರಬರಲು ದಾರಿಯಿಲ್ಲದ ತೇವ ಬಣ್ಣದ ಹಿಂದೆಯೇ ನಿಲ್ಲುತ್ತದೆ, ಉಪ್ಪು ಅಲ್ಲಿಯೇ ಹರಳುಗಟ್ಟಿ ಪದರವನ್ನು ಮುಂದಕ್ಕೆ ತಳ್ಳುತ್ತದೆ. ಬಣ್ಣ ಕೆಟ್ಟಿದ್ದಕ್ಕಿಂತ ದೊಡ್ಡ ನಷ್ಟವೆಂದರೆ ಹಿಂದಿನ ಗಾರೆ ಸತ್ತದ್ದು. ಎದೆಯ ಮಟ್ಟದಿಂದ ಮೇಲೆ, ಅಂದರೆ ಪ್ಲಾಸ್ಟಿಕ್ ಹಾಳೆ ಒಣಗಿದೆ ಎಂದು ತೋರಿಸಿದ ಭಾಗದಲ್ಲಿ, ಅದೇ ಎಮಲ್ಷನ್ ಈಗಲೂ ಹೊಸದರಂತೆಯೇ ಇದೆ. ಹಾಗಾಗಿ ಡಬ್ಬಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಅದೇ ಮಳೆಯಲ್ಲಿ ಸುಣ್ಣದ ಪಟ್ಟಿಯ ಬುಡವೂ ಮಂಕಾಗಿ, ಅಲ್ಲಲ್ಲಿ ಹತ್ತಿಯಂತಹ ಉಪ್ಪು ಮೇಲೆದ್ದಿತು. ಆದರೆ ಉಪ್ಪು ಎದ್ದದ್ದು ಮೇಲ್ಮೈಯಲ್ಲಿ. ದಸರೆಯ ಹೊತ್ತಿಗೆ ಗೋಡೆ ತಾನೇ ಒಣಗಿ ಬೆಳ್ಳಗಾಯಿತು. ಒಣ ಪೊರಕೆಯಿಂದ ಗುಡಿಸಿ, ಬುಡಕ್ಕೆ ಮಾತ್ರ ಇನ್ನೊಂದು ಕೈ ಬಳಿದರೆ ಕೆಲಸ ಮುಗಿಯಿತು. ಹಾಗೆ ಗುಡಿಸುವಾಗ ಒದ್ದೆ ಬಟ್ಟೆ ಬಳಸಬಾರದು, ಉಪ್ಪು ಕರಗಿ ಮರಳಿ ಗೋಡೆಯೊಳಗೇ ಇಳಿಯುತ್ತದೆ. ಬೂಷ್ಟಿನ ವಿಷಯದಲ್ಲಿಯೂ ಸುಣ್ಣವೇ ಮುಂದು. ಹೊಸ ಸುಣ್ಣದ ಕ್ಷಾರ ಬಹಳ ತೀಕ್ಷ್ಣ, ಅದರ ಅಳತೆಯಾದ ಪಿಎಚ್ 12ರ ಮೇಲೆ, ಅಲ್ಲಿ ಬೂಷ್ಟು ಬೆಳೆಯಲಾರದು. ಗಾಳಿಗೆ ಕಲ್ಲಾಗುತ್ತ ಹೋದಂತೆ ಈ ಗುಣ ಇಳಿಯುವುದರಿಂದ ನಮ್ಮ ಹಿರಿಯರು ವರ್ಷಕ್ಕೊಮ್ಮೆ ಸುಣ್ಣ ಬಳಿಸುತ್ತಿದ್ದುದರಲ್ಲಿ ಹಬ್ಬದ ಸಡಗರದಷ್ಟೇ ಲೆಕ್ಕಾಚಾರವೂ ಇತ್ತು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದುದೂ ಹಾಗೆಯೇ: ಸೂರಿನ ನೀರು ಸಿಡಿಯುವ ಜಾಗದಲ್ಲಿ ಕೊಳೆ ಕಾಣದು, ತೇವವೂ ಸಿಕ್ಕಿಕೊಳ್ಳದು.

ಸುಣ್ಣದ ಕೊರತೆಗಳೂ ಸಣ್ಣವಲ್ಲ. ಗೋಂದು ಹಾಕಿದರೂ ಒರಗಿದವರ ಬೆನ್ನು ಬೆಳ್ಳಗಾಗುತ್ತದೆ, ಕಪ್ಪು ಕೋಟು ತೂಗುಹಾಕುವಂತಿಲ್ಲ. ಕಲೆ ಬಿದ್ದರೆ ಒರೆಸಲಾಗದು, ಮೇಲೆ ಬಳಿಯಬೇಕು. ಬಣ್ಣಗಳ ಆಯ್ಕೆಯೂ ಕಡಿಮೆ, ಏಕೆಂದರೆ ಕ್ಷಾರವನ್ನು ತಡೆದುಕೊಳ್ಳುವ ಕಾವಿಮಣ್ಣು, ಹಳದಿ ಮಣ್ಣಿನಂತಹವು ಮಾತ್ರ ಅದರಲ್ಲಿ ನಿಲ್ಲುತ್ತವೆ. ಮಲಗುವ ಕೋಣೆಯಲ್ಲಿ ಮಂಚದ ತಲೆಯ ಕಡೆಗೆ ನಾನು ತೋಟದ ಸಿಲ್ವರ್ ಓಕ್ ಹಲಗೆಗಳನ್ನು, ಗೋಡೆಗೂ ಹಲಗೆಗೂ ನಡುವೆ ಒಂದಿಂಚಿನ ರೀಪು ಕೊಟ್ಟು, ಭುಜದೆತ್ತರಕ್ಕೆ ಹೊಡೆದಿದ್ದೇನೆ. ಮೇಲೆ ಕೆಳಗೆ ಸಂದು ಬಿಟ್ಟಿರುವುದರಿಂದ ಗಾಳಿ ಆಡುತ್ತದೆ, ದಿಂಬಿಗೆ ಸುಣ್ಣ ಹತ್ತುವುದಿಲ್ಲ.

ಡಿಸ್ಟೆಂಪರಿನ ಬಗ್ಗೆ ಹೆಚ್ಚು ಬರೆಯುವಂತಹುದೇನೂ ಇಲ್ಲ. ಸೀಮೆಸುಣ್ಣದ ಪುಡಿಯೇ ಅದರ ಮೈ, ಸ್ವಲ್ಪ ಅಂಟು ಅದರ ಜೀವ. ಬಳಿಯಲು ಮೂರರಲ್ಲಿ ಅತ್ಯಂತ ಸುಲಭ, ಮೊದಲ ದಿನದ ಚೆಲುವೂ ಸಾಕಷ್ಟಿದೆ. ಆದರೆ ನಮ್ಮ ಗೋಡೆಯಲ್ಲಿ ಅದು ಎಮಲ್ಷನ್ನಿನಂತೆ ಉಬ್ಬಲೂ ಇಲ್ಲ, ಸುಣ್ಣದಂತೆ ಚೇತರಿಸಿಕೊಳ್ಳಲೂ ಇಲ್ಲ. ಬುಡದಲ್ಲಿ ಪುಡಿಪುಡಿಯಾಗಿ ಉದುರಿತು, ಬೀರುವಿನ ಹಿಂದೆ ಬೂದುಗಪ್ಪು ಚುಕ್ಕೆಗಳ ಬೂಷ್ಟು ಹಬ್ಬಿತು, ಅದನ್ನು ಒರೆಸಲು ಹೋದರೆ ಬಟ್ಟೆಗೆ ಬಣ್ಣವೇ ಬಂತು. ಇದೇ ಡಿಸ್ಟೆಂಪರ್ ಕಡೂರಿನ ನಮ್ಮ ಚಿಕ್ಕಪ್ಪನವರ ಇಟ್ಟಿಗೆಯ ಮನೆಯಲ್ಲಿ ವರ್ಷಗಟ್ಟಲೆ ಅಚ್ಚುಕಟ್ಟಾಗಿ ನಿಂತಿದೆ. ಜಿಲ್ಲೆ ಒಂದೇ ಆದರೂ ಕಡೂರಿನ ಒಣ ಹವೆಗೂ ಘಟ್ಟದ ಅಂಚಿನ ಮಳೆಗೂ ಯಾವ ಸಾಮ್ಯವಿದೆ? ಆ ಕಡೆಯ ಬಂಧುಗಳು ಹೇಳಿದರೆಂದು ಈ ಕಡೆಯವರು ಬಣ್ಣ ಕೊಳ್ಳಬಾರದು.

ಹೀಗಾಗಿ ನಮ್ಮ ಮನೆಯ ಮಣ್ಣಿನ ಗೋಡೆಗಳಿಗೆಲ್ಲ ಸುಣ್ಣವೇ ಉಳಿಯಿತು. ಹಿಂದೆ ಸೇರಿಸಿ ಕಟ್ಟಿದ ಸಿಮೆಂಟಿನ ಅಡುಗೆಮನೆಗೆ, ತಳದಲ್ಲಿ ತೇವ ತಡೆಯುವ ಪದರ ಇರುವುದರಿಂದ, ಎಮಲ್ಷನ್ ಹೊಡೆದೆ. ಅಲ್ಲಿ ಎಣ್ಣೆ, ಒಗ್ಗರಣೆಯ ಸಿಡಿತವನ್ನು ಒರೆಸುವ ಅನುಕೂಲವೇ ಮುಖ್ಯ. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಕಾದು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿಯೇ ಪ್ರೈಮರಿಗೆ ಕೈ ಹಾಕಬೇಕು. ಬಚ್ಚಲ ಒಲೆಯ ಹೊಗೆ ತಾಗುವ ಗೋಡೆಗೂ ಸುಣ್ಣವೇ ಲೇಸು, ಹೇಗಿದ್ದರೂ ವರ್ಷಕ್ಕೊಮ್ಮೆ ಬಳಿಯಲೇಬೇಕು.

ಮಣ್ಣಿನ ಗೋಡೆಗೆ ಈಗಾಗಲೇ ಎಮಲ್ಷನ್ ಹೊಡೆಸಿರುವವರು ಅದರ ಮೇಲೆಯೇ ಸುಣ್ಣ ಬಳಿದರೆ ಪ್ರಯೋಜನವಿಲ್ಲ, ಪ್ಲಾಸ್ಟಿಕ್‌ನಂತಹ ಆ ಮೈಗೆ ಸುಣ್ಣ ಕಚ್ಚುವುದಿಲ್ಲ. ಇಡೀ ಗೋಡೆಯನ್ನು ಕೆರೆಯುವ ಅಗತ್ಯವೂ ಇಲ್ಲ. ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದವರೆಗೆ ಬಣ್ಣ, ಪುಟ್ಟಿ ಎರಡನ್ನೂ ಅಗಲದ ಬ್ಲೇಡಿನಿಂದ ಕೆರೆದು ತೆಗೆದು, ಸತ್ತ ಗಾರೆಯನ್ನು ಉದುರಿಸಿ, ಆ ಭಾಗವನ್ನು ಒಂದು ಬೇಸಗೆ ಹಾಗೆಯೇ ಬಿಡಬೇಕು. ಆಮೇಲೆ ಸುಣ್ಣ, ಮರಳಿನ ಗಾರೆಯಿಂದ ತೇಪೆ ಹಾಕಬೇಕು; ಗಟ್ಟಿಯಾಗಲೆಂದು ಸಿಮೆಂಟ್ ಬೆರೆಸಿದರೆ ತೇವ ಅದನ್ನು ದಾಟಲಾರದೆ ಇನ್ನೂ ಮೇಲಕ್ಕೆ ಏರಿ, ಇಲ್ಲಿಯವರೆಗೆ ಒಣಗಿದ್ದ ಭಾಗವನ್ನೂ ಹಿಡಿಯುತ್ತದೆ. ತೇಪೆ ಒಣಗಿದ ಮೇಲೆ ಕೆಳಭಾಗಕ್ಕೆ ಸುಣ್ಣ ಅಥವಾ ಕೆಮ್ಮಣ್ಣು, ಮೇಲ್ಭಾಗಕ್ಕೆ ಇರುವ ಎಮಲ್ಷನ್ನೇ ಸಾಕು; ಎರಡರ ಸಂದಿಗೆ ತೆಳುವಾದ ಮರದ ಪಟ್ಟಿ ಹೊಡೆದರೆ ನೋಡಲು ಬೇಕೆಂದೇ ಮಾಡಿದಂತೆ ಕಾಣುತ್ತದೆ. ಡ್ರಮ್ಮಿನಲ್ಲಿ ಮಿಕ್ಕ ಸುಣ್ಣವನ್ನು, ಗೋಂದು ಬೆರೆಸುವ ಮುನ್ನವೇ ತೆಗೆದಿಟ್ಟದ್ದಾದರೆ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟರೆ ಮುಂದಿನ ವರ್ಷದ ತೇಪೆಗೆ ಇನ್ನಷ್ಟು ನುಣುಪಾಗಿ ಒದಗುತ್ತದೆ.